ಪಾಠ ಹೇಳಿದ ಕಾನೂನಿನ ಎದುರಲ್ಲಿ

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವಾಗ ಹೇಮಾವತಿ ಒಂದು ಪುಟ್ಟ ಕೊಳ, ಅಷ್ಟೇ. ಅಲ್ಲಿಂದ ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳ ಮಗ್ಗುಲಲ್ಲೇ ಇಳಿದು, ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ತುಂಬಿ ನಿಂತು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಅದೇ ನೀರು ವಿಶ್ವೇಶ್ವರಯ್ಯ ನಾಲೆ ಹಿಡಿದು ಮದ್ದೂರು ಸೀಮೆಯ ಗದ್ದೆಗಳಿಗೆ ಹೋಗುತ್ತದೆ. ಆ ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರ ಮೇ 1ರಂದು ಹುಟ್ಟಿದವರು ಎಸ್.ಎಂ. ಕೃಷ್ಣ.

ಚಿಕ್ಕಮಗಳೂರಿನವರಿಗೆ ಅವರು ಬೀಗರು. ಇಲ್ಲಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅವರ ಅಳಿಯ. ಉಳಿದ ಕರ್ನಾಟಕಕ್ಕೆ ಅವರು ಬೆಂಗಳೂರನ್ನು ಐಟಿ ನಗರವಾಗಿ ಬೆಳೆಸಿದ ಮುಖ್ಯಮಂತ್ರಿ, ಟೆನಿಸ್ ಪ್ರೇಮಿ, ಇಸ್ತ್ರಿ ಕೆಡದ ಉಡುಪಿನ ರಾಜಕಾರಣಿ. ಅವರೊಳಗಿದ್ದ ಕಾನೂನು ಮೇಷ್ಟ್ರ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಕಾನೂನು ಪದವಿ, ಆಮೇಲೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ವಾಷಿಂಗ್ಟನ್. 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿನ ಭಾರತೀಯರ ನಡುವೆ ಕೆನಡಿ ಪರ ಪ್ರಚಾರ ಮಾಡಿ, ಗೆದ್ದ ಕೆನಡಿಯವರಿಂದ ಕೃತಜ್ಞತೆಯ ಪತ್ರ ಪಡೆದರು. ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದರು. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ, 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಲೋಕಸಭೆಗೆ, ಮುಂದೆ ವಿಧಾನಸಭೆಯ ಸ್ಪೀಕರ್ ಪೀಠಕ್ಕೆ, 1999ರಲ್ಲಿ ಮುಖ್ಯಮಂತ್ರಿ ಗಾದಿಗೆ. ಆ ಸಂಪುಟದಲ್ಲಿ ಕಾನೂನು ಖಾತೆ ನೋಡಿಕೊಂಡ ಡಿ.ಬಿ. ಚಂದ್ರೇಗೌಡರು ಹೇಮಾವತಿಯ ತವರು ತಾಲ್ಲೂಕಿನವರೇ, ದಾರದಹಳ್ಳಿಯವರು.

ಹಲವರ ಪಾಲಿನ ನದಿಯ ಬಗ್ಗೆ ಅಂತರರಾಷ್ಟ್ರೀಯ ಕಾನೂನು ಹೇಳುವುದು ಸ್ಪಷ್ಟ. ನನ್ನ ನೆಲದಲ್ಲಿ ಹರಿಯುವಷ್ಟು ಹೊತ್ತು ನೀರು ನನ್ನದೇ ಎಂದು 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಮಂಡಿಸಿದ ವಾದವನ್ನು ಜಗತ್ತು ಕೈಬಿಟ್ಟಿತು. 1966ರ ಹೆಲ್ಸಿಂಕಿ ನಿಯಮಗಳು ಮೇಲಿನವರಿಗೂ ಕೆಳಗಿನವರಿಗೂ ನ್ಯಾಯವಾದ ಪಾಲು ಎಂದವು. ಇದನ್ನೆಲ್ಲ ಬಲ್ಲ ಮೇಷ್ಟ್ರು 2002ರಲ್ಲಿ ಮೇಲಿನ ರಾಜ್ಯದ ಮುಖ್ಯಮಂತ್ರಿಯಾಗಿ ಕುಳಿತಿದ್ದರು, ಮಳೆ ಕೈಕೊಟ್ಟಿತ್ತು. ಕೆಳಗಿನ ರಾಜ್ಯಕ್ಕೆ ದಿನಕ್ಕೆ 1.25 ಟಿಎಂಸಿ ಕಾವೇರಿ ನೀರು ಬಿಡಿ ಎಂದು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಧಾನಿ ವಾಜಪೇಯಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8ಕ್ಕೆ ಇಳಿಸಿತು. ಕಬಿನಿ ಜಲಾಶಯಕ್ಕೆ ಹಾರಿ ರೈತರೊಬ್ಬರು ಜೀವ ಕಳೆದುಕೊಂಡಾಗ ಮಂಡ್ಯ, ಮೈಸೂರು ಕುದಿದವು. ಕೃಷ್ಣ ನೀರು ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. ಎಪ್ಪತ್ತು ವರ್ಷದ ಮುಖ್ಯಮಂತ್ರಿ ರಸ್ತೆಯಲ್ಲಿ ನಡೆಯುತ್ತಿದ್ದರೆ, ದೆಹಲಿಯಲ್ಲಿ ನ್ಯಾಯಾಂಗ ನಿಂದನೆಯ ಕತ್ತಿ ತೂಗುತ್ತಿತ್ತು. ಕೊನೆಗೆ ನೀರು ಬಿಟ್ಟರು, ಬೇಷರತ್ ಕ್ಷಮೆ ಕೇಳಿದರು.

ಸ್ವಂತ ಜಿಲ್ಲೆಯ ರೈತರ ಮುಂದೆ ಹೀಗೆ ಬಾಗುವುದು ರಾಜಕಾರಣಿಗೆ ಲಾಭದ ಬಾಬತ್ತಲ್ಲ. ಅವರ ವೃತ್ತಿಜೀವನದ ಅತ್ಯಂತ ಗೌರವದ ಗಳಿಗೆ ಅದೇ ಎಂದು ನನ್ನ ನಂಬಿಕೆ. ನೆಲ ಕಾಯುವ ನಾಯಕನೂ ಕೋರ್ಟಿಗೆ ತಲೆಬಾಗುವ ಪ್ರಾಧ್ಯಾಪಕನೂ ಒಬ್ಬನೇ ಮನುಷ್ಯನಲ್ಲಿ ಗುದ್ದಾಡಿದರು, ಪ್ರಾಧ್ಯಾಪಕ ಉಳಿದ. 2018ರಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಾಗ ಹೆಲ್ಸಿಂಕಿ ನಿಯಮಗಳನ್ನೇ ನೆನೆದು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು.

ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ವಿಷಯದಲ್ಲಿ ಮಾತ್ರ ಅದೇ ಮೇಷ್ಟ್ರು ಕಾಣಲಿಲ್ಲ. ದಾದಾ ಹಯಾತ್ ಎಂದು ಬರುವವರೂ ದತ್ತಾತ್ರೇಯ ಎಂದು ಬರುವವರೂ ಒಂದೇ ಗುಹೆಗೆ ನಡೆದುಕೊಳ್ಳುತ್ತಾರೆ. ನಂದಾದೀಪ ಹಚ್ಚುವವರು ಯಾರು, ತೀರ್ಥ ಕೊಡುವವರು ಯಾರು ಎಂಬ ಜಗಳಕ್ಕೆ 1989ರಲ್ಲೇ ಧಾರ್ಮಿಕ ದತ್ತಿ ಆಯುಕ್ತರು ಉತ್ತರ ಕೊಟ್ಟಿದ್ದರು: 1975ರ ಜೂನ್‌ಗೆ ಮೊದಲು ನಡೆದುಬಂದ ಪದ್ಧತಿಯೇ ಮುಂದುವರಿಯಲಿ. ನಡೆದುಬಂದ ರೂಢಿಯೇ ಕಾನೂನಿಗೆ ಬೇರು ಎಂಬುದು ಅಂತರರಾಷ್ಟ್ರೀಯ ಕಾನೂನಿನ ಮೊದಲ ಪಾಠಗಳಲ್ಲೊಂದು. ಅದನ್ನು ಜನರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಬಲ್ಲ ಮುಖ್ಯಮಂತ್ರಿ ನಮಗೆ ಇನ್ನೊಬ್ಬರು ಸಿಕ್ಕಿರಲಿಲ್ಲ. ಆದರೆ 2003ರ ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಹೊತ್ತಿಗೆ ಅದು ಬರೀ ಪೊಲೀಸ್ ಬಂದೋಬಸ್ತಿನ ವಿಷಯವಾಯಿತು, ಸೌಹಾರ್ದ ಸಭೆಗೆಂದು ಬಂದವರೂ ಬಂಧನಕ್ಕೊಳಗಾದರು. ಈ ಗಿರಿಯನ್ನು ಪ್ರೀತಿಸುವವರಿಗೆ ಆ ಕೊರಗು ಇನ್ನೂ ಹೋಗಿಲ್ಲ.

ಇನ್ನು ಮೇಷ್ಟ್ರು ಪಾಠ ಹೇಳಿದ ಅಂತರರಾಷ್ಟ್ರೀಯ ಕಾನೂನಿಗೇ ಮರಳಿದರೆ, ನಮ್ಮ ನಾಡಿನಿಂದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕೂತವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್, 1952ರಲ್ಲಿ. ಕೃಷ್ಣ ನ್ಯಾಯಾಧೀಶರಾಗಲಿಲ್ಲ. ಆದರೆ ಅವರು ವಿದೇಶಾಂಗ ಸಚಿವರಾಗಿದ್ದಾಗಲೇ, 2012ರ ಏಪ್ರಿಲ್‌ನಲ್ಲಿ, ದಲ್ವೀರ್ ಭಂಡಾರಿ ಆ ನ್ಯಾಯಾಲಯಕ್ಕೆ ಆಯ್ಕೆಯಾದರು. ಬಂಗಾಳ ಕೊಲ್ಲಿಯ ಗಡಿ, ಕಿಶನ್‌ಗಂಗಾ ನೀರು, ಎರಡೂ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋದದ್ದೂ ಆಗಲೇ.

ಅವರ ಸಹಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು 2011ರ ಸೆಪ್ಟೆಂಬರ್‌ನಲ್ಲಿ ಢಾಕಾದಲ್ಲಿ ಹಾಕಿದ್ದು. ಬಾಂಗ್ಲಾದೇಶದೊಳಗೆ ಭಾರತದ 111 ತುಂಡು ನೆಲ, ಭಾರತದೊಳಗೆ ಬಾಂಗ್ಲಾದ 51. ಅಲ್ಲಿನ ಐವತ್ತು ಸಾವಿರಕ್ಕೂ ಹೆಚ್ಚು ಜನ ಸುತ್ತಲಿನ ದೇಶಕ್ಕೂ ಸೇರದೆ, ತಮ್ಮ ದೇಶಕ್ಕೂ ಕೈಗೆಟುಕದೆ ಇದ್ದರು. ಆ ನೆಲಗಳ ಅದಲುಬದಲಿಗೆ ದಾರಿ ಮಾಡಿದ ಒಪ್ಪಂದ ಅದು. ಸಂಸತ್ತು ಒಪ್ಪಿ, ಸಂವಿಧಾನಕ್ಕೆ ನೂರನೇ ತಿದ್ದುಪಡಿಯಾಗಿ, 2015ರ ಜುಲೈ 31ರ ಮಧ್ಯರಾತ್ರಿ ಆ ಜನಕ್ಕೆ ದೇಶ ಸಿಕ್ಕಿತು. ಅಷ್ಟರಲ್ಲಿ ಕೃಷ್ಣ ಸಚಿವ ಸ್ಥಾನ ಬಿಟ್ಟು ಮೂರು ವರ್ಷವಾಗುತ್ತ ಬಂದಿತ್ತು.