ಮೊಬೈಲ್ ಪರದೆಯ ಫೋಟೋ ಯಾವಾಗ ಸಾಕ್ಷಿಯಾಗುತ್ತದೆ?



ಸಂಘದ ಸಭೆ ಮುಗಿದ ಮೇಲೆ ನಡಾವಳಿ ಬರೆದು ಎಲ್ಲರ ಸಹಿ ಹಾಕಿಸುವ ರೂಢಿ ನಿಮಗಿದೆ. ಬಾಯಿಮಾತು ನಿಲ್ಲುವುದಿಲ್ಲ, ಬರೆದಿಟ್ಟದ್ದು ನಿಲ್ಲುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೊಬೈಲಿನಲ್ಲಿ ಮೋಸವಾದಾಗ ಅನೇಕರು ಮೊದಲು ಮಾಡುವ ಕೆಲಸ ಏನು? ಹೆದರಿಕೆಗೆ, ನಾಚಿಕೆಗೆ, ಮನೆಯವರ ಕಣ್ಣಿಗೆ ಬೀಳಬಾರದು ಅಂತ ಎಲ್ಲವನ್ನೂ ಅಳಿಸಿಬಿಡ್ತಾರೆ. ಸಾಲದ ಆ್ಯಪ್ ತೆಗೀತಾರೆ, ಬೆದರಿಕೆ ಮೆಸೇಜು ಅಳಿಸ್ತಾರೆ. ಅಲ್ಲಿಗೆ ಸಾಕ್ಷಿಯೂ ಹೋಯಿತು.

ಆದ್ದರಿಂದ ಅಳಿಸುವ ಮೊದಲು ಪರದೆಯ ಫೋಟೋ, ಅಂದರೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಮತ್ತು ದನಿ ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ ಆಯಿತು. ತೆಗೆಯುವುದು ಸುಲಭ, ಅದು ಸಾಕ್ಷಿಯಾಗಿ ನಿಲ್ಲುವಂತೆ ತೆಗೆಯುವುದರಲ್ಲೇ ವಿಷಯ ಇರುವುದು.

ಇದನ್ನೇ ಉದ್ಯೋಗವಾಗಿ ಮಾಡುವವರಿದ್ದಾರೆ. ಬ್ಯಾಂಕು, ಸರ್ಕಾರಿ ಇಲಾಖೆಗಳ ವೆಬ್‌ಸೈಟುಗಳಲ್ಲಿ ಕಳ್ಳ ನುಗ್ಗುವ ಸಂದು ಇದೆಯೇ ಎಂದು ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಪರೀಕ್ಷೆ ಮಾಡುವ ತಂತ್ರಜ್ಞರು ಇವರು. ಕದದ ಚಿಲಕ ಅಲ್ಲಾಡಿಸಿ ನೋಡಿದ ಹಾಗೆ. ‘ಇಲ್ಲಿ ಸಂದಿದೆ’ ಎಂದು ವರದಿ ಬರೆದರೆ ಸಾಲದು, ಪ್ರತಿ ಹೆಜ್ಜೆಗೂ ಪುಟದ ಸ್ಕ್ರೀನ್‌ಶಾಟ್ ಇಡುತ್ತಾರೆ. ಅದರಲ್ಲಿ ಪುಟದ ಪೂರ್ತಿ ವಿಳಾಸ ಕಾಣಬೇಕು, ಸಮಯ ತಿಳಿಯಬೇಕು, ಮೊದಲು ಏನಿತ್ತು ಆಮೇಲೆ ಏನಾಯಿತು ಅನ್ನುವುದು ಸಾಲಾಗಿ ಇರಬೇಕು. ಏಕೆಂದರೆ ನಾಳೆ ಆ ಪುಟವನ್ನು ಸರಿಮಾಡಿಬಿಡುತ್ತಾರೆ, ಆಮೇಲೆ ಹೋಗಿ ನೋಡಿದರೆ ಏನೂ ಇರುವುದಿಲ್ಲ. ಮೋಸಗಾರರ ಪುಟವೂ ಹಾಗೆಯೇ, ಇವತ್ತು ಇದ್ದದ್ದು ನಾಳೆ ಮಾಯ.

ಈ ಕ್ರಮ ನಮಗೂ ಒಪ್ಪುತ್ತದೆ. ಮೋಸದ ಲಿಂಕ್ ಒತ್ತಿ ಪುಟ ತೆರೆದಿದ್ದರೆ ಮೇಲಿನ ವಿಳಾಸದ ಸಾಲು ಸೇರಿಸಿ ತೆಗೆಯಿರಿ. ಸಾಕ್ಷಿ ಬೇಕು ಅಂತ ಹೊಸದಾಗಿ ಲಿಂಕ್ ಒತ್ತಲು ಹೋಗಬೇಡಿ, ಮೆಸೇಜಿನ ಫೋಟೋ ಸಾಕು. ವಾಟ್ಸಾಪ್ ಆದರೆ ಹೆಸರು ಮಾತ್ರ ಕಂಡರೆ ಪ್ರಯೋಜನವಿಲ್ಲ, ಹೆಸರು ಒತ್ತಿ ನಂಬರ್ ಕಾಣುವ ಪುಟವನ್ನೂ ತೆಗೆಯಬೇಕು. ಹಣ ಹೋಗಿದ್ದರೆ ಫೋನ್‌ಪೇ, ಗೂಗಲ್ ಪೇಯಲ್ಲಿ ಆ ಪಾವತಿಯ ವಿವರ ತೆರೆದು 12 ಅಂಕಿಯ ಯುಟಿಆರ್ ಸಂಖ್ಯೆ ಬರುವಂತೆ ತೆಗೆಯಿರಿ. ಬ್ಯಾಂಕಿನವರಿಗೂ ಪೊಲೀಸರಿಗೂ ಹಣದ ಜಾಡು ಹಿಡಿಯಲು ಅದೇ ಬೇಕು. ಫೋಟೋ ಕತ್ತರಿಸುವುದು, ಕೆಂಪು ಗೆರೆ ಎಳೆಯುವುದು ಬೇಡ. ಬೇಕಾದರೆ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಎಳೆಯಿರಿ.

ಈಗ ಒಂದು ಪ್ರಶ್ನೆ ಬರುತ್ತದೆ. ಫೋಟೋ ಇದ್ದರೆ ಸಾಕಲ್ಲ, ಇಷ್ಟೆಲ್ಲಾ ಯಾಕೆ? ಹಡಗಲಿ ಕಡೆ ಮಲ್ಲಿಗೆ ಮಾರುವ ತಾಯಿಯೊಬ್ಬರಿಗೆ ಗಿರಾಕಿ ‘ಹಣ ಹಾಕೀನಿ ನೋಡಬೇ’ ಅಂತ ಮೊಬೈಲ್ ತೋರಿಸಿ ಹೂವು ಒಯ್ಯುತ್ತಾನೆ ಅನ್ನಿ. ಖಾತೆಗೆ ಹಣವೇ ಬಂದಿರುವುದಿಲ್ಲ, ತೋರಿಸಿದ್ದು ಸುಳ್ಳು ಚಿತ್ರ. ಅಂಥ ಚಿತ್ರ ತಯಾರಿಸುವುದು ಕಷ್ಟವೇನಲ್ಲ. (ನಿಮ್ಮ ಖಾತೆ ನೋಡದೆ ಸರಕು ಕೊಡಬೇಡಿ.) ನ್ಯಾಯಾಲಯಕ್ಕೂ ಇದೇ ಅನುಮಾನ.

ಅದಕ್ಕೇ ಕಾನೂನು ಪ್ರಮಾಣಪತ್ರ ಕೇಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಹಳೆಯ ಸಾಕ್ಷ್ಯ ಕಾಯ್ದೆಗೆ 65ಬಿ ಕಲಂ ಸೇರಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದೆ. ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದು ಸಾಕ್ಷಿ ಒದಗಿಸುವವರದು, ಇನ್ನೊಂದು ತಜ್ಞರದು. ಅದರಲ್ಲಿ ‘ಹ್ಯಾಶ್’ ಎಂಬ ಸಂಖ್ಯೆ ಬರೆಯಬೇಕು. ಅದು ಕಡತದ ಹೆಬ್ಬೆಟ್ಟಿನ ಗುರುತು ಇದ್ದಂತೆ, ಚಿತ್ರದಲ್ಲಿ ಒಂದು ಚುಕ್ಕೆ ತಿದ್ದಿದರೂ ಬದಲಾಗುತ್ತದೆ. ಈ ಕಾಗದ ನೀವೇ ಬರೆಯಬೇಕೆಂದು ಗಾಬರಿ ಬೇಡ, ಪೊಲೀಸರು, ವಕೀಲರು ದಾರಿ ತೋರಿಸುತ್ತಾರೆ.

ನಮಗೆ ಮುಖ್ಯವಾದ ಮಾತು ಸುಪ್ರೀಂ ಕೋರ್ಟಿನ 2020ರ ಜುಲೈ 14ರ ತೀರ್ಪಿನಲ್ಲಿದೆ. ಮಹಾರಾಷ್ಟ್ರದ ಜಾಲ್ನಾದಲ್ಲಿ ಚುನಾವಣೆ ನಾಮಪತ್ರ ವೇಳೆ ಮೀರಿ ಬಂತೇ ಎಂಬ ತಕರಾರು, ಸಾಕ್ಷಿಗೆ ವಿಡಿಯೋ. ಪ್ರತಿಗೆ ಪ್ರಮಾಣಪತ್ರ ಕಡ್ಡಾಯ, ಆದರೆ ಮೂಲ ಉಪಕರಣದ ಒಡೆಯರೇ ಅದನ್ನು ತಂದು ಸಾಕ್ಷಿ ನುಡಿದರೆ ಬೇಕಿಲ್ಲ ಎಂದಿತು ನ್ಯಾಯಾಲಯ. ಅಂದರೆ ನಿಮ್ಮ ಆ ಮೊಬೈಲೇ ದೊಡ್ಡ ಸಾಕ್ಷಿ. ದೂರು ಇತ್ಯರ್ಥವಾಗುವ ತನಕ ಅದನ್ನು ಮಾರಬಾರದು, ರೀಸೆಟ್ ಮಾಡಬಾರದು, ಮೆಸೇಜು ಅಳಿಸಬಾರದು. ಸ್ಕ್ರೀನ್‌ಶಾಟ್ ಬೇರೆಯವರಿಗೆ ಕಳಿಸುವುದಾದರೆ ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ, ಮೂಲ ವಿವರ ಕಳೆದುಕೊಳ್ಳುತ್ತದೆ.

ಸಾಲದ ಆ್ಯಪಿನವರು ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿ ಬೆದರಿಸುವುದುಂಟು. ಅದನ್ನೂ ಅಳಿಸಬೇಡಿ, ಆದರೆ ಯಾವ ಗುಂಪಿಗೂ ಹಾಕಬೇಡಿ. ಸಂಘದ ಗುಂಪಿಗೂ ಬೇಡ. ನಿಮ್ಮ ತಪ್ಪಲ್ಲದ ಚಿತ್ರಕ್ಕೆ ನೀವು ತಲೆ ತಗ್ಗಿಸಬೇಕಿಲ್ಲ, ಪೊಲೀಸರ ಕೈಗೆ ಮಾತ್ರ ಕೊಡಿ.

ಹಣ ಹೋಗಿದ್ದರೆ ಫೋಟೋ ತೆಗೆಯುತ್ತಾ ತಡಮಾಡಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು. ಆಮೇಲೆ ಬ್ಯಾಂಕಿಗೆ ತಿಳಿಸಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲೇ ಇರಲಿ, ಹತ್ತಿರದ ಪೊಲೀಸ್ ಠಾಣೆಗೆ ಹೋಗುವಾಗ ಆ ಮೊಬೈಲ್, ಪಾಸ್‌ಬುಕ್, 1930ರವರು ಕೊಟ್ಟ ದೂರಿನ ಸಂಖ್ಯೆ, ಜೊತೆಗೆ ಯಾವ ದಿನ ಎಷ್ಟು ಗಂಟೆಗೆ ಏನಾಯಿತು ಎಂದು ಬರೆದ ಒಂದು ಹಾಳೆ ಒಯ್ಯಿರಿ. ಬರೆಯಲು ಬಾರದವರಿಗೆ ಸಂಘದಲ್ಲಿ ನಡಾವಳಿ ಬರೆಯುವ ತಂಗಿ ಬರೆದುಕೊಡಲಿ.