ಅಚ್ಚು ಹುಬ್ಬಳ್ಳಿಯಲ್ಲಿ, ಒತ್ತುವುದು ಕೊಣ್ಣೂರಿನಲ್ಲಿ

"ಅಣ್ಣಾರ, ನಾವು ಬಿಳಿ ಅಕ್ಷರ ಹೇಳಿದ್ವಿ. ಇವು ಗುಲಾಬಿ ಆಗ್ಯಾವಲ್ರಿ?" ಕಬಡ್ಡಿ ತಂಡದ ಹುಡುಗರು ಹದಿನಾಲ್ಕು ಕೆಂಪು ಜೆರ್ಸಿಗಳನ್ನು ನಮ್ಮ ಅಂಗಡಿಯ ಮೇಜಿನ ಮೇಲೆ ಹರಡಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕೊಟ್ಟು ಮೂರೇ ದಿನವಾಗಿತ್ತು.

ನಾವು ಬಂಟ್ವಾಳ ಕಡೆಯ ಬ್ಯಾರಿಗಳು. ಅಣ್ಣ ತಮ್ಮ ಸೇರಿ ಗದಗ ಜಿಲ್ಲೆ ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ರೆಡಿಮೇಡ್ ಬಟ್ಟೆಯ ಸಣ್ಣ ಅಂಗಡಿ ಇಟ್ಟಿದ್ದೇವೆ. ಟೀಶರ್ಟಿಗೆ ಹೆಸರು, ಚಿತ್ರ ಹಾಕಿಕೊಡಿ ಎಂದು ಹುಡುಗರು ಕೇಳತೊಡಗಿದ ಮೇಲೆ ಡಿಟಿಎಫ್ ಕೆಲಸಕ್ಕೆ ಕೈ ಹಾಕಿದೆವು. ಈಗ ಊರಿನಿಂದ ಅಳಿಯಂದಿರು ಫೋನ್ ಮಾಡಿ, "ನಾವೂ ಒಂದು ಮೆಷಿನ್ ತೆಗೆಯುವುದಾ?" ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಡಿಟಿಎಫ್ ಎಂದರೆ ಡೈರೆಕ್ಟ್ ಟು ಫಿಲ್ಮ್. ಅಚ್ಚು ಬೀಳುವುದು ಬಟ್ಟೆಯ ಮೇಲಲ್ಲ, ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮಿನ ಮೇಲೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮೊದಲು ಬಣ್ಣ, ಅದರ ಮೇಲೆ ಬಿಳಿ ಶಾಯಿ ಹಾಕುತ್ತಾರೆ. ಶಾಯಿ ಹಸಿ ಇರುವಾಗಲೇ ಅಂಟಿನ ಪುಡಿ ಉದುರಿಸಿ, ಬಿಸಿಯಲ್ಲಿ ಕರಗಿಸುತ್ತಾರೆ. ಆಮೇಲೆ ಫಿಲ್ಮನ್ನು ಬಟ್ಟೆಯ ಮೇಲಿಟ್ಟು ಹೀಟ್ ಪ್ರೆಸ್‌ನಲ್ಲಿ ಒತ್ತಿ, ಫಿಲ್ಮ್ ಸುಲಿದರೆ ಚಿತ್ರ ಬಟ್ಟೆಗೆ ಕೂರುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ನೂರಾರು ಅಂಗಿಗೆ ಅದೇ ಅಗ್ಗ, ಒಂದೆರಡಕ್ಕೆ ಗಿಟ್ಟುವುದಿಲ್ಲ. ಸಬ್ಲಿಮೇಷನ್ ತಿಳಿ ಬಣ್ಣದ ಪಾಲಿಯೆಸ್ಟರಿಗೆ ಮಾತ್ರ. ಡಿಟಿಎಫ್ ಕಪ್ಪು ಹತ್ತಿ ಬಟ್ಟೆಯ ಮೇಲೂ ನಿಲ್ಲುತ್ತದೆ, ಒಂದೇ ಅಂಗಿಯಾದರೂ ಆಗುತ್ತದೆ.

ತಮ್ಮನಿಗೆ ಪ್ರಿಂಟರನ್ನೇ ಕೊಳ್ಳುವ ಆಸೆ. ಉಮ್ಮ ತನ್ನ ಬಳೆ ಬಿಚ್ಚಿ ಕೊಡಲೂ ತಯಾರಾಗಿದ್ದರು. ನಾವೇ ತಡೆದೆವು. ಬಿಳಿ ಶಾಯಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದೆ. ಅದು ಭಾರ, ಸುಮ್ಮನೆ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ದಿನಾ ಕೆಲಸವಿಲ್ಲದಿದ್ದರೆ ಪ್ರಿಂಟರಿನ ಹೆಡ್ ಕಟ್ಟಿಕೊಳ್ಳುತ್ತದೆ, ಹೊಸ ಹೆಡ್ ಹಾಕಿಸುವುದು ದುಬಾರಿ. ಬಯಲುಸೀಮೆಯ ಬೇಸಿಗೆಯ ಒಣ ಗಾಳಿಗೆ ಶಾಯಿ ಹೆಡ್‌ನಲ್ಲೇ ಒಣಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಫಿಲ್ಮ್ ತೇವ ಹೀರಿ, ಪುಡಿ ಬೇಡದಲ್ಲೆಲ್ಲ ಅಂಟುತ್ತದೆ. ಸಾಲದ್ದಕ್ಕೆ ಕೊಣ್ಣೂರು ಮಲಪ್ರಭೆಯ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ಹೊಳೆ ಮನೆಗಳಿಗೇ ನುಗ್ಗಿದ್ದನ್ನು ಕಂಡವರು ಇಲ್ಲಿ ನೆಲದ ಮೇಲೆ ದುಬಾರಿ ಯಂತ್ರ ಇಡಲು ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ಹೀಟ್ ಪ್ರೆಸ್ ಒಂದನ್ನೇ ಕೊಂಡೆವು. ಚಿತ್ರಗಳನ್ನು ಹುಬ್ಬಳ್ಳಿಗೆ ಕಳಿಸುತ್ತೇವೆ. ಫಿಲ್ಮ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದೇ ಮೀಟರಿನಲ್ಲಿ ನಾಲ್ಕಾರು ಗಿರಾಕಿಗಳ ಹೆಸರು, ಚಿತ್ರ ಒತ್ತೊತ್ತಾಗಿ ಜೋಡಿಸಿದರೆ ಜಾಗ ಹಾಳಾಗುವುದಿಲ್ಲ. ಸುರುಳಿ ಸುತ್ತಿದ ಫಿಲ್ಮ್ ನವಲಗುಂದ, ನರಗುಂದ ದಾಟಿ ಪಾರ್ಸೆಲ್‌ನಲ್ಲಿ ಬರುತ್ತದೆ.

ಒತ್ತುವುದರಲ್ಲೇ ನಾವು ಎಡವಿದ್ದು. ಹತ್ತಿ ಅಂಗಿಗೆ 150ರಿಂದ 160 ಡಿಗ್ರಿ ಬಿಸಿ, 10ರಿಂದ 15 ಸೆಕೆಂಡ್ ಸಾಕು. ಕೆಂಪು ಪಾಲಿಯೆಸ್ಟರ್ ಜೆರ್ಸಿಗೂ ಅದನ್ನೇ ಕೊಟ್ಟೆವು. ಆ ಬಿಸಿಗೆ ಬಟ್ಟೆಯೊಳಗಿನ ಬಣ್ಣವೇ ಎದ್ದು ಬಿಳಿ ಶಾಯಿಗೆ ಹತ್ತುತ್ತದೆ. ಒಮ್ಮೊಮ್ಮೆ ಆ ದಿನವೇ ಕಾಣುವುದಿಲ್ಲ, ಎರಡು ಮೂರು ದಿನ ಬಿಟ್ಟು ಕಾಣುತ್ತದೆ. ತಪ್ಪು ಫಿಲ್ಮಿನದೂ ಅಲ್ಲ, ಹುಡುಗರದೂ ಅಲ್ಲ. ನಮ್ಮದೇ.

ಈಗ ಪಾಲಿಯೆಸ್ಟರಿಗೆ 130 ಡಿಗ್ರಿಯ ಆಸುಪಾಸಿನಲ್ಲಿ ಒತ್ತುತ್ತೇವೆ, ಬಣ್ಣ ತಡೆಯುವ ಕಪ್ಪು ಪುಡಿ ಹಾಕಿದ ಫಿಲ್ಮ್ ತರಿಸುತ್ತೇವೆ. ಒಂದು ಅಂಗಿ ಒತ್ತಿ, ವಾರ ಇಟ್ಟು, ಐದು ಸಲ ಒಗೆದು ನೋಡಿದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕುತ್ತೇವೆ. ಗಿರಾಕಿಗೂ ಮೂರು ಮಾತು ಹೇಳಿ ಕಳಿಸುತ್ತೇವೆ: ಒಂದು ದಿನ ನೀರು ಮುಟ್ಟಿಸಬೇಡಿ, ಒಳಮಗ್ಗುಲು ತಿರುಗಿಸಿ ಒಗೆಯಿರಿ, ಚಿತ್ರದ ಮೇಲೆ ಇಸ್ತ್ರಿ ಇಡಬೇಡಿ.

ಪ್ರಿಂಟರನ್ನೇ ಕೊಳ್ಳುತ್ತೇವೆ ಎನ್ನುವವರಿಗೆ ಇನ್ನೊಂದು ಮಾತು. ಪುಡಿ ಕರಗುವಾಗ ಹೊಗೆ ಏಳುತ್ತದೆ. ಅಡುಗೆಮನೆಯ ಪಕ್ಕ, ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಜಾಗ, ಮುಖಕ್ಕೆ ಮಾಸ್ಕ್ ಬೇಕು. ಹೆಸರಾಂತ ಫುಟ್ಬಾಲ್ ಕ್ಲಬ್ಬುಗಳ ಲಾಂಛನವನ್ನು ಅನುಮತಿಯಿಲ್ಲದೆ ಒತ್ತಿ ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಇದೆ. ನಿಮ್ಮೂರಿನ ತಂಡಕ್ಕೆ ನಿಮ್ಮದೇ ಚಿತ್ರ ಬರೆಸಿಕೊಳ್ಳಿ.

ಕಬಡ್ಡಿ ಹುಡುಗರಿಗೆ ಹದಿನಾಲ್ಕು ಜೆರ್ಸಿ ಹೊಸದಾಗಿ ಮಾಡಿಕೊಟ್ಟೆವು, ಹಣ ಕೇಳಲಿಲ್ಲ. ಆ ತಿಂಗಳ ಲಾಭ ಅಲ್ಲಿಗೆ ಮುಗಿಯಿತು. ಹುಡುಗರು ಮಾತ್ರ ಪಕ್ಕದೂರಿನ ತಂಡವನ್ನೂ ಕರೆದುಕೊಂಡು ಬಂದರು. ಗುಲಾಬಿಯಾದ ಜೆರ್ಸಿಗಳಲ್ಲಿ ಒಂದನ್ನು ಪ್ರೆಸ್ಸಿನ ಪಕ್ಕದ ಗೋಡೆಗೆ ತೂಗುಹಾಕಿದ್ದೇವೆ. ಪಾಲಿಯೆಸ್ಟರ್ ಅಂಗಿ ಬಂದಾಗಲೆಲ್ಲ ತಮ್ಮ ಅದನ್ನೊಮ್ಮೆ ನೋಡಿಯೇ ಬಿಸಿ ಇಳಿಸುತ್ತಾನೆ. ಉಮ್ಮನ ಬಳೆ ಉಮ್ಮನ ಕೈಯಲ್ಲೇ ಇದೆ.