ಬಾಲಿ: ಬೆಟ್ಟ, ನೀರು, ಜನ

ಭೂಪಟದಲ್ಲಿ ಜಾವಾ ದ್ವೀಪದ ಪೂರ್ವದ ತುದಿಯನ್ನು ನೋಡಿರಿ. ಅದರ ಪಕ್ಕದಲ್ಲಿಯೇ, ಕೆಲವೇ ಕಿಲೋಮೀಟರು ಅಗಲದ ಜಲಸಂಧಿಯ ಆಚೆ, ಬಾಲಿ ದ್ವೀಪವಿದೆ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 8 ಡಿಗ್ರಿ ದೂರದಲ್ಲಿರುವ ಈ ನಾಡು ಇಂಡೊನೇಷ್ಯ ಗಣರಾಜ್ಯದ ಒಂದು ಪ್ರಾಂತ. ವಿಸ್ತೀರ್ಣ ಸುಮಾರು 5,600 ಚದರ ಕಿಲೋಮೀಟರು.

ದ್ವೀಪದ ಉತ್ತರ ಭಾಗದಲ್ಲಿ ಪೂರ್ವ ಪಶ್ಚಿಮವಾಗಿ ಅಗ್ನಿಪರ್ವತಗಳ ಸಾಲೊಂದು ಹಬ್ಬಿದೆ. ಅವುಗಳಲ್ಲಿ 3,000 ಮೀಟರಿಗೂ ಎತ್ತರವಾದ ಆಗುಂಗ್ ಅತ್ಯುನ್ನತವಾದುದು. 1963ರಲ್ಲಿ ಅದು ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಮಡಿದರು. ಆದರೂ ಜನರಿಗೆ ಅದು ಪವಿತ್ರ ಪರ್ವತ. ಅಗ್ನಿಪರ್ವತಗಳ ಬೂದಿಯಿಂದಲೇ ದಕ್ಷಿಣದ ಇಳಿಜಾರು ಫಲವತ್ತಾಗಿದೆ.

1958ರಲ್ಲಿ ಬಾಲಿ ಪ್ರತ್ಯೇಕ ಪ್ರಾಂತವಾಯಿತು. ಅಂದು ಉತ್ತರ ಕರಾವಳಿಯ ಸಿಂಗರಾಜ ಅದರ ರಾಜಧಾನಿ. 1960ರಿಂದ ದಕ್ಷಿಣದ ಡೆನ್‌ಪಸಾರ್ ಆ ಸ್ಥಾನ ಪಡೆಯಿತು. ಪ್ರಾಂತಕ್ಕೆ ರಾಜ್ಯಪಾಲನೇ ಮುಖ್ಯಸ್ಥ. ಅವನನ್ನು ಜನರೇ ಆರಿಸುತ್ತಾರೆ. ಪ್ರಾಂತದಲ್ಲಿ 8 ಜಿಲ್ಲೆಗಳೂ ಡೆನ್‌ಪಸಾರ್ ನಗರವೂ ಸೇರಿವೆ. ಜಿಲ್ಲೆಯ ಮುಖ್ಯಸ್ಥನಿಗೆ ‘ಬುಪಾತಿ’ ಎಂದು ಹೆಸರು. ಇದು ನಮ್ಮ ‘ಭೂಪತಿ’ಯೇ! ಜಿಲ್ಲೆಗಳ ಎಲ್ಲೆಗಳೂ ಬಹುಮಟ್ಟಿಗೆ ಹಳೆಯ ಅರಸುಮನೆತನಗಳ ಎಲ್ಲೆಗಳೇ ಆಗಿವೆ. ಹಳ್ಳಿಗಳಲ್ಲಿ ಆಡಳಿತ ಎರಡು ಬಗೆ. ಸರಕಾರದ ಕೆಲಸಗಳಿಗೆ ಒಂದು ಗ್ರಾಮವ್ಯವಸ್ಥೆ. ದೇವಸ್ಥಾನ, ಶವಸಂಸ್ಕಾರ, ಕಟ್ಟುಕಟ್ಟಳೆಗಳಿಗೆ ಇನ್ನೊಂದು.

1971ರ ಜನಗಣತಿಯಲ್ಲಿ ಇಲ್ಲಿ 21 ಲಕ್ಷ ಜನರಿದ್ದರು; 2020ರಲ್ಲಿ 43 ಲಕ್ಷ. ಮುಸ್ಲಿಮರೇ ಬಹುಸಂಖ್ಯಾತರಾದ ದೇಶದಲ್ಲಿ ಬಾಲಿಯ ಜನರಲ್ಲಿ ಹೆಚ್ಚಿನವರು ಹಿಂದೂಗಳು. ಅವರು ಶಕವರ್ಷವನ್ನು ಎಣಿಸುತ್ತಾರೆ. ನಮ್ಮ ಯುಗಾದಿಯ ಆಸುಪಾಸಿನಲ್ಲಿಯೇ ಅವರ ಹೊಸ ವರ್ಷವೂ ಬರುತ್ತದೆ. ಆದರೆ ಅಂದು ಹೋಳಿಗೆಯ ಸಡಗರವಿಲ್ಲ, ಮೌನ, ಉಪವಾಸ. ಬೀದಿಗೆ ಯಾರೂ ಇಳಿಯರು, ದೀಪ ಉರಿಸರು. ವಿಮಾನ ನಿಲ್ದಾಣವೂ ಒಂದು ದಿನ ಮುಚ್ಚಿರುತ್ತದೆ.

ಬಾಲಿಯ ನಿಜವಾದ ಜಾಣ್ಮೆ ಕಾಣುವುದು ಗದ್ದೆಗಳಲ್ಲಿ. ಒಂದು ಕಾಲುವೆಯ ನೀರನ್ನು ಬಳಸುವ ರೈತರೆಲ್ಲ ಸೇರಿದ ಸಂಘಕ್ಕೆ ‘ಸುಬಕ್’ ಎನ್ನುತ್ತಾರೆ. ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳುಬಿಡಬೇಕು ಎಂಬುದನ್ನು ಸುಬಕ್‌ಗಳು ಜಲದೇವಾಲಯಗಳಲ್ಲಿ ಕೂಡಿ ತೀರ್ಮಾನಿಸುತ್ತವೆ. ಇದರಲ್ಲೊಂದು ಲೆಕ್ಕಾಚಾರವಿದೆ. ಎಲ್ಲರೂ ಒಟ್ಟಿಗೆ ಬೆಳೆದು ಒಟ್ಟಿಗೆ ಬೀಳುಬಿಟ್ಟರೆ ಕೀಟಗಳಿಗೆ ಆಹಾರ ಸಿಗದು. ಆದರೆ ಎಲ್ಲರಿಗೂ ಏಕಕಾಲಕ್ಕೆ ನೀರು ಸಾಲದು. ಮೇಲಿನವರು ನೀರನ್ನೆಲ್ಲ ಹಿಡಿದಿಟ್ಟರೆ ಕೆಳಗಿನವರು ತಡವಾಗಿ ಬೆಳೆಯುತ್ತಾರೆ. ಅಲ್ಲಿ ಉಳಿದ ಕೀಟಗಳು ಮೇಲಿನ ಗದ್ದೆಗೂ ಏರುತ್ತವೆ. ಆದುದರಿಂದ ನೀರು ಹಂಚಿಕೊಳ್ಳುವುದು ಮೇಲಿನವರಿಗೂ ಲಾಭ. 1970ರ ದಶಕದಲ್ಲಿ ಸರಕಾರ ಬೇಗ ಮಾಗುವ ಹೊಸ ತಳಿಗಳನ್ನು ಬಿಡುವಿಲ್ಲದೆ ಬೆಳೆಯಲು ಒತ್ತಾಯಿಸಿತು. ಸರದಿ ಮುರಿಯಿತು, ಕಂದು ಜಿಗಿಹುಳುಗಳು ಪೈರನ್ನು ನಾಶಮಾಡಿದವು. ಅಧಿಕಾರಿಗಳಿಗೆ ಪೂಜೆಯಂತೆ ಮಾತ್ರ ತೋರಿದ್ದು ವ್ಯವಸಾಯವೂ ಆಗಿತ್ತೆಂಬುದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ವಿಶ್ವ ಪರಂಪರೆಗೆ ಸೇರಿಸಿತು.

ಈಗಿನ ಅಪಾಯ ಬೇರೆ ಬಗೆಯದು. 2019ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಾಲಿಗೆ ಬಂದರು. ಅವರಿಂದ ಜನರ ಕೈಯಲ್ಲಿ ಹಣವೂ ಆಡುತ್ತದೆ, ನಿಜ. ಆದರೆ ಅವರ ವಸತಿಗೃಹಗಳಿಗೆ ನೆಲವೂ ನೀರೂ ಬೇಕು. ದಕ್ಷಿಣದಲ್ಲಿ ಗದ್ದೆಗಳು ಒಂದೊಂದಾಗಿ ಮಾರಾಟವಾಗುತ್ತಿವೆ. ನಡುವಿನ ಗದ್ದೆಯೊಂದರಲ್ಲಿ ಕಟ್ಟಡ ಎದ್ದು ಕಾಲುವೆ ಮುಚ್ಚಿದರೆ, ಕೆಳಗಿನ ಗದ್ದೆಗಳಿಗೆ ನೀರು ಬರುವ ದಾರಿಯೇ ಇಲ್ಲ.